ಗಿರಣಿಯೂರಿನ ದೊಡ್ಡಕ್ಕ: ಅನಸೂಯಾಬೆನ್ ಸಾರಾಭಾಯಿ

ಕನ್ನಡಿಗರ ರಾಜ್ಯೋತ್ಸವದ ಸಂಚಿಕೆಯಲ್ಲಿ ಗುಜರಾತಿನ ಒಬ್ಬ ಹೆಣ್ಣುಮಗಳ ಚರಿತ್ರೆಯೇಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳದೆ ಇರಲಾರರು. ಈ ಲೇಖಕನು ಬ್ಯಾಂಕೊಂದರಲ್ಲಿ ಗುಮಾಸ್ತ. ಮೂರು ತಿಂಗಳಿಗೊಮ್ಮೆ ನಮ್ಮ ಸಂಬಳದ ಚೀಟಿಯಲ್ಲಿ ತುಟ್ಟಿಭತ್ಯೆಯ ಅಂಕಿ ಬದಲಾಗುತ್ತದೆ. ಪೇಟೆಯಲ್ಲಿ ಧಾರಣೆ ಏರಿದರೆ ಅದೂ ನಾಲ್ಕು ಕಾಸು ಏರುತ್ತದೆ. ನಾವು ಅದನ್ನು ನೋಡಿ, ಸಾಲದು ಎಂದು ಗೊಣಗಿ, ಚೀಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಳ್ಳುತ್ತೇವೆ. ಈ ಭತ್ಯೆ ಎಂಬುದು ಎಲ್ಲಿಂದ ಬಂದಿತು, ಯಾರು ಯಾರೊಡನೆ ಜಗಳವಾಡಿ ತಂದರು ಎಂದು ವಿಚಾರಿಸಿದವರು ನಮ್ಮಲ್ಲಿ ಕಡಿಮೆ. ನಾನೂ ಬಿ.ಕಾಂ. ಓದುವಾಗ ಇದನ್ನು ಪರೀಕ್ಷೆಯ ಒಂದು ಪ್ರಶ್ನೆಯೆಂದೇ ತಿಳಿದಿದ್ದೆ. ಊರು ಬಿಟ್ಟು ಊರಿಗೆ ಬಂದು ಸಂಬಳವನ್ನೇ ನಂಬಿ ಬಾಳುವ ನಮ್ಮಂತಹ ಕುಟುಂಬಗಳು ತಿಳಿಯಬೇಕಾದ ಕಥೆ ಇದು. ಅದೂ ಅಲ್ಲದೆ, ಆಕೆ ಹುಟ್ಟಿದ್ದೂ ನಮ್ಮ ರಾಜ್ಯೋತ್ಸವದ ನವೆಂಬರ್ ತಿಂಗಳಿನಲ್ಲಿಯೇ.

1885ರ ನವೆಂಬರ್ 11ರಂದು ಅಹಮದಾಬಾದಿನ ಸಿರಿವಂತ ಜೈನ ವ್ಯಾಪಾರಿ ಮನೆತನವೊಂದರಲ್ಲಿ ಅನಸೂಯಾ ಜನಿಸಿದರು. ತಂದೆ ಸಾರಾಭಾಯಿ, ತಾಯಿ ಗೋದಾವರಿಬಾ. ಮಗಳಿಗೆ ಒಂಬತ್ತು ವರ್ಷವಾಗುವಷ್ಟರಲ್ಲಿ ತಂದೆತಾಯಿಗಳಿಬ್ಬರೂ ಇಲ್ಲವಾದರು. ಅನಸೂಯಾ, ತಮ್ಮ ಅಂಬಾಲಾಲ, ತಂಗಿ ಕಾಂತಾ, ಈ ಮೂವರು ತಬ್ಬಲಿ ಮಕ್ಕಳು ಚಿಕ್ಕಪ್ಪನ ಆಸರೆಯಲ್ಲಿ ಬೆಳೆದರು. ತಮ್ಮನು ಅಕ್ಕನಿಗಿಂತ ಸುಮಾರು ನಾಲ್ಕೂವರೆ ವರ್ಷ ಚಿಕ್ಕವನು. ತಾಯಿಯಿಲ್ಲದ ಮನೆಯಲ್ಲಿ ಅಕ್ಕನೇ ತಾಯಿಯಾಗುವುದು ನಮ್ಮ ಕಡೆಯಲ್ಲಿಯೂ ಕಂಡ ಮಾತೇ. ಈ ಅಕ್ಕ ತಮ್ಮಂದಿರ ಸಂಬಂಧವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಊರಿಗೆ ಊರೇ ಎರಡು ಪಾಳೆಯವಾದಾಗ ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ತಮ್ಮ ನಿಲ್ಲಬೇಕಾಯಿತು.

ಆ ಕಾಲದ ಪದ್ಧತಿಯಂತೆ ಹದಿಮೂರನೆಯ ವಯಸ್ಸಿಗೆ ಅನಸೂಯಾರ ಮದುವೆಯಾಯಿತು. ಆ ಸಂಸಾರ ಕೂಡಿಬರಲಿಲ್ಲ. ಅವರು ತವರಿಗೆ ಮರಳಿದರು. ಹಾಗೆ ಮರಳಿದ ಹೆಣ್ಣುಮಗಳು ಮನೆಯ ಮೂಲೆಯಲ್ಲಿ ಜಪಮಾಲೆ ಹಿಡಿದು ಕೂರಬೇಕೆಂಬುದೇ ರೂಢಿಯಾಗಿದ್ದ ದಿನಗಳಲ್ಲಿ, ಅಕ್ಕನಿಗೆ ಬೆಂಬಲವಾಗಿ ನಿಂತವನು ತಮ್ಮ ಅಂಬಾಲಾಲ. ಅವನ ಸಹಾಯದಿಂದಲೇ 1912ರಲ್ಲಿ ಆಕೆ ವೈದ್ಯಶಾಸ್ತ್ರ ಕಲಿಯಲೆಂದು ಇಂಗ್ಲೆಂಡಿಗೆ ಹೋದರು. ಪ್ರಾಣಿಗಳ ಅಂಗಚ್ಛೇದ ಮಾಡಿ ಕಲಿಯುವ ಆ ವಿದ್ಯೆ ಜೈನ ಸಂಸ್ಕಾರದ ಮನಸ್ಸಿಗೆ ಒಗ್ಗಲಿಲ್ಲ. ಅದನ್ನು ಬಿಟ್ಟು ಲಂಡನ್ನಿನ ಅರ್ಥಶಾಸ್ತ್ರದ ಶಾಲೆಗೆ ಸೇರಿದರು. ಅಲ್ಲಿ ಫೇಬಿಯನ್ ಸಮಾಜವಾದಿಗಳ ವಿಚಾರಗಳು ಕಿವಿಗೆ ಬಿದ್ದವು. ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದು ಬೀದಿಗಿಳಿದಿದ್ದ ಹೆಂಗಸರ ಜೊತೆಗೆ ತಾವೂ ಸೇರಿದರು. 1913ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಕೈಯಲ್ಲಿ ಪದವಿಯೇನೂ ಇರಲಿಲ್ಲ.

ಅಷ್ಟು ಹೊತ್ತಿಗೆ ಅಂಬಾಲಾಲರು ಕ್ಯಾಲಿಕೊ ಗಿರಣಿಯ ಒಡೆಯರು, ಊರಿನ ಮುಂದಾಳು ಸೇಠರಲ್ಲಿ ಒಬ್ಬರು. ಅಕ್ಕ ಬಡಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಗಿರಣಿಯ ಹೆಂಗಸರಿಗಾಗಿ ಕೂಸುಗಳನ್ನು ನೋಡಿಕೊಳ್ಳುವ ಮನೆ, ಹೆರಿಗೆಯ ಮನೆ, ಸ್ನಾನ ಶೌಚದ ಅನುಕೂಲ ಮಾಡಿಸಿದರು. ಇಷ್ಟೇ ಆಗಿದ್ದರೆ ಅವರು ದಾನಶೀಲೆಯಾದ ಶ್ರೀಮಂತ ಮಹಿಳೆಯೆಂದು ಹೆಸರು ಪಡೆದು, ಯಾವುದೋ ಆಸ್ಪತ್ರೆಯ ಗೋಡೆಯ ಕಲ್ಲಿನಲ್ಲಿ ಉಳಿಯುತ್ತಿದ್ದರು. ಒಂದು ಬೆಳಿಗ್ಗೆ ಹದಿನೈದು ಮಂದಿ ಗಿರಣಿಯ ಹೆಂಗಸರು ಜೋಲಿ ಹೊಡೆಯುತ್ತ ನಡೆದುಹೋಗುವುದನ್ನು ಅವರು ಕಂಡರು. ಏನಾಯಿತೆಂದು ವಿಚಾರಿಸಿದಾಗ, ಒಂದೇ ಸಮನೆ 36 ಗಂಟೆಗಳ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದೇವೆ ಎಂಬುದು ತಿಳಿಯಿತು. ಎರಡು ರಾತ್ರಿ, ಒಂದು ಹಗಲು! ಶಾಲೆ, ಹೆರಿಗೆ ಮನೆಗಳಿಂದ ತೀರುವ ಕಷ್ಟ ಇದಲ್ಲವೆಂದು ಅಂದೇ ಅವರಿಗೆ ಹೊಳೆದಿರಬೇಕು.

ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಿತು. ವಿಲಾಯತಿಯ ಬಟ್ಟೆ ಬರುವುದು ಕುಗ್ಗಿ ಇಲ್ಲಿಯ ಗಿರಣಿಗಳಿಗೆ ಸುಗ್ಗಿಯಾಗಿದ್ದಿತು. ಆದರೆ ಅದೇ ಯುದ್ಧದಿಂದ ಕಾಳುಕಡಿ, ಸೀಮೆಎಣ್ಣೆ, ಬಟ್ಟೆ ಎಲ್ಲದರ ಬೆಲೆಯೂ ಏರಿ ಕೂಲಿಕಾರನ ಒಲೆ ಆರುವಂತಾಗಿದ್ದಿತು. ಇದರ ಮೇಲೆ 1917ರಲ್ಲಿ ಊರಿಗೆ ಪ್ಲೇಗು ಬಂದಿತು. ಜನ ಗಂಟುಮೂಟೆ ಕಟ್ಟಿ ಹಳ್ಳಿಗಳತ್ತ ಓಡತೊಡಗಿದರು. ಹೋಗುವವರನ್ನು ಹಿಡಿದಿಡಲು ಗಿರಣಿ ಮಾಲಿಕರು ನೇಕಾರರಿಗೆ ಪ್ಲೇಗಿನ ಬೋನಸ್ಸೆಂದು ಕೂಲಿಯ ಶೇಕಡಾ 70, 80ರವರೆಗೂ ಕೊಟ್ಟರು. ಸಾವಿನ ಬಾಯಲ್ಲಿ ನಿಂತು ನೇಯುವುದಕ್ಕೆ ಕಟ್ಟಿದ ಬೆಲೆ ಅದು. ಹಾಸು ಹೂಡುವವರಿಗೆ ಈ ಬೋನಸ್ಸು ದೊರೆಯಲಿಲ್ಲ. ಅವರು ಅನಸೂಯಾಬೆನ್ನರ ಬಾಗಿಲಿಗೆ ಬಂದರು. ಹಾಸಿಲ್ಲದೆ ಹೊಕ್ಕಿಗೆ ಕೆಲಸವೆಲ್ಲಿ? 1917ರ ಡಿಸೆಂಬರಿನಲ್ಲಿ ಅವರು ಮುಷ್ಕರ ಹೂಡಿದಾಗ ಆಕೆಯೇ ಅದರ ಮುಂದಾಳಾದರು. ಸೇಠನ ಅಕ್ಕ ಸೇಠರ ವಿರುದ್ಧ ನಿಂತ ಸುದ್ದಿ ಊರೆಲ್ಲ ಹರಡಿತು.

ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬಂತೆ ಪ್ಲೇಗು ಹೋದರೂ ತುಟ್ಟಿ ಹೋಗಲಿಲ್ಲ. 1918ರ ಆರಂಭದಲ್ಲಿ ಮಾಲಿಕರು ಬೋನಸ್ಸನ್ನು ನಿಲ್ಲಿಸಹೊರಟರು. ಅದರ ಬದಲಿಗೆ ಕೂಲಿಯ ಮೇಲೆ ಶೇಕಡಾ 50 ಹೆಚ್ಚಳ ಬೇಕೆಂದು ನೇಕಾರರು ಕೇಳಿದರು. ಮಾಲಿಕರು 20ರ ಮೇಲೆ ಒಂದು ಕಾಸೂ ಇಲ್ಲವೆಂದರು. ಚಂಪಾರಣ್ಯದಲ್ಲಿದ್ದ ಗಾಂಧೀಜಿಯವರಿಗೆ ಅನಸೂಯಾಬೆನ್ ಪತ್ರ ಬರೆದರು. ಅವರು ಬಂದು ಮೊದಲು ಮಾಡಿದ ಕೆಲಸ ಲೆಕ್ಕ ನೋಡುವುದು. ಶಂಕರಲಾಲ ಬ್ಯಾಂಕರ್, ವಲ್ಲಭಭಾಯಿ ಪಟೇಲ್ ಇವರೊಡನೆ ಕುಳಿತು, ಊಟ ಬಟ್ಟೆಯ ಖರ್ಚು ಎಷ್ಟು ಏರಿದೆ, ಮುಂಬಯಿಯ ಗಿರಣಿಗಳಲ್ಲಿ ಕೂಲಿ ಎಷ್ಟಿದೆ ಎಂಬುದನ್ನೆಲ್ಲ ತಾಳೆ ನೋಡಿ, 50 ಹೆಚ್ಚಾಯಿತು, 20 ಕಡಿಮೆಯಾಯಿತು, 35 ನ್ಯಾಯವೆಂದು ತೀರ್ಮಾನಿಸಿದರು. ಹೋರಾಟಕ್ಕಿಳಿಯುವ ಮೊದಲೇ ತನ್ನ ಕಡೆಯವರ ಬೇಡಿಕೆಯನ್ನು ತಾನೇ ತಗ್ಗಿಸುವ ನಾಯಕರು ವಿರಳ. ಲೆಕ್ಕದ ಪುಸ್ತಕ ಬರೆಯುವ ನನ್ನಂತಹವನಿಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದುದು ಇದೇ.

ಪಂಚಾಯಿತಿಯ ಪ್ರಯತ್ನ ಮುರಿದು ಫೆಬ್ರವರಿ 22ರಂದು ಮಾಲಿಕರು ಗಿರಣಿಗಳಿಗೆ ಬೀಗಮುದ್ರೆ ಮಾಡಿದರು. ಅವರ ಮುಂದಾಳು ಅಂಬಾಲಾಲ. ಶಾಹಪುರ ಬಾಗಿಲಿನ ಹೊರಗೆ, ಸಾಬರಮತಿಯ ದಂಡೆಯ ಒಂದು ಜಾಲಿಯ ಮರದ ಕೆಳಗೆ ದಿನವೂ ಸಂಜೆ ನೇಕಾರರ ಸಭೆ ನೆರೆಯುತ್ತಿದ್ದಿತು. 35 ದೊರೆಯುವವರೆಗೆ ಇಲ್ಲವೆ ಪಂಚಾಯಿತಿಯಾಗುವವರೆಗೆ ಕೆಲಸಕ್ಕೆ ಹೋಗಬಾರದು, ಯಾರ ಮೇಲೂ ಕೈ ಮಾಡಬಾರದು, ಭಿಕ್ಷೆಯ ಅನ್ನ ತಿನ್ನಬಾರದು ಎಂದು ಅವರು ಪ್ರತಿಜ್ಞೆ ಮಾಡಿದರು. ದಿನಕ್ಕೊಂದು ಕರಪತ್ರ ಅಚ್ಚಾಗಿ, ಓದಲು ಬಾರದವರಿಗಾಗಿ ಸಭೆಯಲ್ಲಿ ಓದಲ್ಪಡುತ್ತಿತ್ತು. ಸಭೆ ಸಂಜೆಯ ಮಾತಾಯಿತು. ಬೆಳಗಿನಿಂದ ಅನಸೂಯಾಬೆನ್ ಮಾಡುತ್ತಿದ್ದುದು ಚಾಳಿನಿಂದ ಚಾಳಿಗೆ ನಡೆಯುವ ಕೆಲಸ. ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ, ಯಾರ ಮಗು ಜ್ವರದಿಂದ ಮಲಗಿದೆ, ಯಾರ ಮನಸ್ಸು ಡೋಲಾಯಮಾನವಾಗಿದೆ ಎಂಬುದನ್ನೆಲ್ಲ ಹೊಸ್ತಿಲ ಬಳಿ ನಿಂತು ತಿಳಿಯುತ್ತಿದ್ದರು. ಜನ ಅವರನ್ನು ಮೋಟಾಬೆನ್ ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ದೊಡ್ಡಕ್ಕ.

ದಾನದ ಹಣ ಬೇಡವೆಂದ ಮೇಲೆ ಹಸಿದವರಿಗೆ ದುಡಿಮೆ ಬೇಕಷ್ಟೆ. ಸಾಬರಮತಿ ಆಶ್ರಮದಲ್ಲಿ ನೇಯ್ಗೆ ಶಾಲೆಯ ಕಟ್ಟಡಕ್ಕೆ ತಳಪಾಯ ತೋಡಲಾಗಿತ್ತು. ಅದಕ್ಕೆ ತುಂಬಲು ನದಿಯ ಮರಳನ್ನು ಹೊರುವ ಕೆಲಸ ದೊರೆಯಿತು. ಆ ಸಾಲಿನಲ್ಲಿ ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ನಡೆದವರು ಅನಸೂಯಾಬೆನ್. ಇದೇ ಆಶ್ರಮಕ್ಕೆ ಮೂರು ವರ್ಷಗಳ ಕೆಳಗೆ, ಅಸ್ಪೃಶ್ಯ ಕುಟುಂಬವೊಂದನ್ನು ಸೇರಿಸಿಕೊಂಡಿತೆಂದು ಊರವರು ಕೈಬಿಟ್ಟಿದ್ದಾಗ, 13,000 ರೂಪಾಯಿಯ ನೋಟುಗಳನ್ನು ತಂದುಕೊಟ್ಟು ಹೆಸರನ್ನೂ ಹೇಳದೆ ಹೋದವರು ಅಂಬಾಲಾಲರು. ತಮ್ಮ ಉಳಿಸಿದ ಆಶ್ರಮದಲ್ಲಿ, ತಮ್ಮ ಬೀಗ ಹಾಕಿದ ಗಿರಣಿಯ ನೇಕಾರರೊಡನೆ ಅಕ್ಕ ಮರಳು ಹೊತ್ತರು! ಆ ದಿನಗಳಲ್ಲಿಯೂ ಅಂಬಾಲಾಲರು ಆಶ್ರಮಕ್ಕೆ ಊಟಕ್ಕೆ ಬರುತ್ತಿದ್ದರೆಂದೂ, ಅಕ್ಕನೇ ಬಡಿಸಬೇಕೆಂದು ಗಾಂಧೀಜಿಯವರ ಕಟ್ಟಪ್ಪಣೆಯಾಗಿತ್ತೆಂದೂ ಬಲ್ಲವರು ಬರೆದಿದ್ದಾರೆ. ಮನೆಯ ಪಾಲಿಗಾಗಿ ಅಣ್ಣತಮ್ಮಂದಿರು ನ್ಯಾಯಸ್ಥಾನ ಏರಿ, ಮುಖ ಮುಖ ನೋಡದೆ ಸತ್ತ ಉದಾಹರಣೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ.

ಮಾರ್ಚ್ 12ರಂದು ಮಾಲಿಕರು ಬೀಗ ತೆಗೆದು, ಶೇಕಡಾ 20ಕ್ಕೆ ಒಪ್ಪುವವರು ಬರಬಹುದೆಂದು ಸಾರಿದರು. ಪರೀಕ್ಷೆ ಆರಂಭವಾದುದು ಆಗಲೇ. ಬಾಗಿಲು ಮುಚ್ಚಿದ್ದಾಗ ಹಸಿವನ್ನು ತಾಳುವುದು ಒಂದು ತೆರ. ಬಾಗಿಲು ತೆರೆದು ಕರೆಯುತ್ತಿರುವಾಗ ತಾಳುವುದು ಬೇರೊಂದು ತೆರ. ಸಭೆಗೆ ಬರುವವರು ಕಡಿಮೆಯಾದರು. ಗಾಂಧೀಜಿಗೂ ಅನಸೂಯಾಬೆನ್ನರಿಗೂ ಏನು, ಮೋಟಾರಿನಲ್ಲಿ ಬರುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ ಎಂಬ ಮಾತು ಒಂದು ಚಾಳಿನಲ್ಲಿ ಕೇಳಿಬಂದಿತು. ಮಾತು ಸುಳ್ಳಾಗಿರಲಿಲ್ಲ, ಅದಕ್ಕೇ ಇರಿಯಿತು. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಹೂಡಿದರು. ನೇಕಾರರು ಗಟ್ಟಿಯಾದರು, ಮಾಲಿಕರು ಮೆತ್ತಗಾದರು. ಕೂಲಿಕಾರರ ಪ್ರತಿಜ್ಞೆಗಾಗಿ ಕೈಕೊಂಡ ಉಪವಾಸ ತಮ್ಮ ಸ್ನೇಹಿತರಾದ ಮಾಲಿಕರ ಕೊರಳಿಗೆ ಉರುಳಾಯಿತೆಂದು ಗಾಂಧೀಜಿಯವರೇ ಮುಂದೆ ಒಪ್ಪಿಕೊಂಡಿದ್ದಾರೆ. ಆ ದೋಷವನ್ನು ನಾವು ಮುಚ್ಚಿಡಬೇಕಾದುದಿಲ್ಲ.

ಮಾರ್ಚ್ 18ರಂದು ಒಪ್ಪಂದವಾಯಿತು. ಅದರ ಲೆಕ್ಕ ಹೀಗಿದೆ: ಮೊದಲನೆಯ ದಿನಕ್ಕೆ ಹೆಚ್ಚಳ ಶೇಕಡಾ 35, ಎರಡನೆಯ ದಿನಕ್ಕೆ 20, ಮೂರನೆಯ ದಿನದಿಂದ ಪಂಚರ ತೀರ್ಪು ಬರುವವರೆಗೆ 27.5. ಹತ್ತು ರೂಪಾಯಿ ಕೂಲಿಯವನ ಲೆಕ್ಕ ಹಿಡಿದರೆ ಹೆಚ್ಚಳವು ಮೂರೂವರೆ ರೂಪಾಯಿಯ ದರದಿಂದ ಹೊರಟು, ಎರಡಕ್ಕೆ ಇಳಿದು, ಎರಡು ಮುಕ್ಕಾಲಿಗೆ ಬಂದು ನಿಂತಿತು. ಮೊದಲ ದಿನ ಕೂಲಿಕಾರರ ಪ್ರತಿಜ್ಞೆ ಉಳಿಯಿತು, ಎರಡನೆಯ ದಿನ ಮಾಲಿಕರ ಪ್ರತಿಜ್ಞೆ ಉಳಿಯಿತು, ಮೂರನೆಯ ದಿನದಿಂದ ಎರಡಕ್ಕೂ ಸರಿಯಾದ ನಡುಗೆರೆ. ಓದಿದವರು ಇದನ್ನು ಮಕ್ಕಳಾಟವೆಂದು ನಕ್ಕರೆ ಆಶ್ಚರ್ಯವಿಲ್ಲ. ಗಂಡನ ಮನೆ, ತವರುಮನೆ ಎರಡರ ಮಾನವನ್ನೂ ಕಾಪಾಡಿ ಬೀಗರ ಜಗಳ ತೀರಿಸಿದ ಹಿರಿಯರನ್ನು ನೋಡಿದವರು ನಗಲಾರರು. ತೀರ್ಪಿನ ಹೊಣೆಯನ್ನು ವಿದ್ವಾಂಸರಾದ ಆನಂದಶಂಕರ ಧ್ರುವರಿಗೆ ಒಪ್ಪಿಸಲಾಯಿತು. ಆಗಸ್ಟ್ 10ರಂದು ಅವರು ಕೊಟ್ಟ ತೀರ್ಪು: ಶೇಕಡಾ 35.

ಒಪ್ಪಂದದ ಸಂತೋಷಕ್ಕಾಗಿ ಮಾಲಿಕರು ಮಿಠಾಯಿ ಹಂಚಿಸಲು ಬಂದ ಪ್ರಸಂಗವನ್ನು ಬಿಡುವಂತಿಲ್ಲ. ಅದೇ ಜಾಲಿಯ ಮರದ ಕೆಳಗೆ ಸಾವಿರಾರು ನೇಕಾರರು ಸಾಲುಗಟ್ಟಿದರು. ಇಪ್ಪತ್ತೊಂದು ದಿನ ಶಿಸ್ತಿನಿಂದ ಇದ್ದವರು ಮಿಠಾಯಿಗೆ ಸಾಲು ನಿಲ್ಲಲಾರರೇ ಎಂದುಕೊಂಡದ್ದು ಸುಳ್ಳಾಯಿತು. ಎರಡು ನಿಮಿಷ ಕಳೆಯುವುದರಲ್ಲಿ ನೂಕುನುಗ್ಗಲಾಗಿ, ಮಿಠಾಯಿಯಲ್ಲಿ ಬಹುಭಾಗ ಮಣ್ಣುಪಾಲಾಯಿತು. ಉಳಿದುದನ್ನು ಅಂಬಾಲಾಲರ ಮಿರ್ಜಾಪುರದ ಬಂಗಲೆಗೆ ಒಯ್ದು ಮರುದಿನ ಹಂಚಬೇಕಾಯಿತು. ಆಮೇಲೆ ವಿಚಾರಿಸಿದಾಗ, ಸುದ್ದಿ ತಿಳಿದು ಊರಿನ ಭಿಕ್ಷುಕರೆಲ್ಲ ಅಲ್ಲಿಗೆ ನುಗ್ಗಿದ್ದರೆಂದು ಗೊತ್ತಾಯಿತು. ನೇಕಾರನಿಗೆ ಪ್ರತಿಜ್ಞೆ ಇದ್ದಿತು, ಸಂಘಟನೆ ಇದ್ದಿತು, ಪಂಚರಿದ್ದರು. ಅವನಿಗಿಂತಲೂ ಕೆಳಗಿದ್ದವರಿಗೆ ಯಾವ ಶೇಕಡಾ ಲೆಕ್ಕವೂ ಇರಲಿಲ್ಲ.

1920ರ ಫೆಬ್ರವರಿ 25ರಂದು ಅಹಮದಾಬಾದಿನ ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು. ಅನಸೂಯಾಬೆನ್ ಅದರ ಅಧ್ಯಕ್ಷೆ. ಮಹಾಜನವೆಂದರೆ ಆ ಊರಿನಲ್ಲಿ ವರ್ತಕರ ಪಂಗಡ. ನಮ್ಮ ಶಾಸನಗಳಲ್ಲಿ ಅಗ್ರಹಾರದ ಬ್ರಾಹ್ಮಣ ಸಭೆಗೆ ಇದೇ ಹೆಸರು. ಹಾಗೆ ಹಿರಿಯರಿಗೇ ಮೀಸಲಾಗಿದ್ದ ಮಾತನ್ನು ಕೂಲಿಕಾರರ ಹೆಗಲಿಗೆ ಹೊದಿಸಿದುದು ಸಣ್ಣ ಸಂಗತಿಯಲ್ಲ. ಜಗಳ ಬಂದರೆ ಮೊದಲು ಮಾತುಕತೆ, ಬಳಿಕ ಎರಡು ಕಡೆಯ ಪಂಚರು, ಅವರಿಗೂ ಒಮ್ಮತವಾಗದಿದ್ದರೆ ಮೂರನೆಯವನ ತೀರ್ಪು, ಇದು ಸಂಘದ ದಾರಿ. ಇದರೊಡನೆ ಶಾಲೆ, ದವಾಖಾನೆ, ವಾಚನಾಲಯಗಳೂ ನಡೆದವು. ಗುಲ್ಜಾರಿಲಾಲ್ ನಂದಾ ಎಂಬ ತರುಣರು 1922ರಲ್ಲಿ ಕಾರ್ಯದರ್ಶಿಯಾಗಿ ಬಂದರು. ಮುಂದೆ ಅವರು ಎರಡು ಸಲ ದೇಶದ ಹಂಗಾಮಿ ಪ್ರಧಾನಿಯಾದುದನ್ನು ಎಲ್ಲರೂ ಬಲ್ಲರು.

ಸುಗ್ಗಿಯ ಕಾಲದಲ್ಲಿ ರಾಜಿ ಸುಲಭ. ಗಲ್ಲೆ ತುಂಬಿದ ಮಾಲಿಕ 20ರಿಂದ 35ಕ್ಕೆ ಬರಬಲ್ಲ. ಯುದ್ಧಾನಂತರ ಮುಗ್ಗಟ್ಟು ಬಂದೊದಗಿ, ಬಟ್ಟೆಯ ಬೆಲೆ ಇಳಿದು, ಜಪಾನಿನ ಮಾಲು ಪೇಟೆಗೆ ನುಗ್ಗಿದಾಗ ಏನಾಯಿತೆಂಬುದನ್ನು ನೋಡಬೇಕು. 1923ರಲ್ಲಿ ಮಾಲಿಕರು ಕೂಲಿಯಲ್ಲಿ ಶೇಕಡಾ 20 ಕಡಿತವನ್ನು ಸಾರಿದರು. ಗಾಂಧೀಜಿ ಆಗ ಯೆರವಡಾ ಸೆರೆಮನೆಯಲ್ಲಿದ್ದರು. ಸುಮಾರು ಎರಡು ತಿಂಗಳು ಮುಷ್ಕರ ನಡೆಯಿತು. ಈ ಸಲ ಅನಸೂಯಾಬೆನ್ನರ ಬಳಿ ಉಪವಾಸ ಮಾಡುವವರೂ ಇರಲಿಲ್ಲ, ಮೆತ್ತಗಾಗುವ ಮಾಲಿಕರೂ ಇರಲಿಲ್ಲ. ಕೊನೆಗೆ ಕಡಿತ ಶೇಕಡಾ 15.625 ಎಂದು ಇತ್ಯರ್ಥವಾಯಿತು. ಈ ವಿಚಿತ್ರ ಭಿನ್ನಾಂಕ ನನ್ನನ್ನು ಕೆಲವು ದಿನ ಕಾಡಿತು. ರೂಪಾಯಿಗೆ ಹದಿನಾರಾಣೆಯ ಲೆಕ್ಕ ಹಾಕಿದಾಗ ಒಗಟು ಒಡೆಯಿತು: ರೂಪಾಯಿಗೆ ಎರಡೂವರೆ ಆಣೆ. ಕೂಲಿಯ ದಿನ ಪ್ರತಿಯೊಬ್ಬ ನೇಕಾರನೂ ತನ್ನ ಅಂಗೈಯಲ್ಲಿ ಎಣಿಸಿ ಕಂಡ ನಷ್ಟ ಅದು. ಸಂಘಕ್ಕೆ ಚಂದಾ ಕೊಡುವವರ ಸಂಖ್ಯೆ ಕುಗ್ಗಿತು. ಸೋತ ಸಂಘದ ಅಧ್ಯಕ್ಷೆ ಮತ್ತೆ ಅದೇ ಚಾಳುಗಳಿಗೆ ಹೋಗಿ ಅದೇ ಹೊಸ್ತಿಲುಗಳ ಬಳಿ ನಿಲ್ಲಬೇಕಾಗಿತ್ತು. ನಿಂತರು. ಗೆದ್ದ ಮರುದಿನ ಜನರ ನಡುವೆ ಹೋಗುವುದು ಯಾರಿಗೂ ಕಷ್ಟವಲ್ಲ. ಅನಸೂಯಾಬೆನ್ನರ ದೊಡ್ಡತನ 1918ಕ್ಕಿಂತ 1923ರ ಅನಂತರದ ದಿನಗಳಲ್ಲಿಯೇ ಹೆಚ್ಚಾಗಿ ಕಾಣುತ್ತದೆಂದು ನನಗೆ ತೋರುತ್ತದೆ. ಕಳೆದ ಎರಡೂವರೆ ಆಣೆಯಲ್ಲಿ ಒಂದು ಭಾಗವಷ್ಟೇ 1929ರಲ್ಲಿ ಪಂಚಾಯಿತಿಯ ಮೂಲಕ ಮರಳಿ ಬಂದಿತು.

ಅದೇ ವರ್ಷ ಜಗತ್ತಿಗೇ ಮಹಾ ಮುಗ್ಗಟ್ಟು ಕವಿಯಿತು. 1935ರ ಒಪ್ಪಂದದಲ್ಲಿ ಸಂಘವು ಕೆಲವು ಮಿತಿಗಳೊಡನೆ ಶೇಕಡಾ 6.25, ಎಂದರೆ ರೂಪಾಯಿಗೆ ಒಂದಾಣೆ, ಕಡಿತಕ್ಕೆ ಒಪ್ಪಿತು; ಒಬ್ಬನಿಗೆ ಹೆಚ್ಚು ಯಂತ್ರ ವಹಿಸಿ ಇನ್ನೊಬ್ಬನನ್ನು ಬೀದಿಗೆ ತಳ್ಳದಂತೆ ಕಟ್ಟುಪಾಡು ಪಡೆಯಿತು. ಮರುವರ್ಷ ಮಾಲಿಕರು ಇನ್ನೂ ಶೇಕಡಾ 20 ಕಡಿತ ಕೇಳಿದಾಗ ವ್ಯಾಜ್ಯ ಪಂಚರಿಗೆ ಹೋಗಿ, ಮೂರನೆಯವರಾದ ಸರ್ ಗೋವಿಂದರಾವ್ ಮಡಗಾಂವಕರರು ಅದನ್ನು ತಳ್ಳಿಹಾಕಿದರು. ಕೆಂಬಾವುಟದವರು ಈ ಸಂಘವನ್ನು ಮಾಲಿಕರ ಕೈಗೊಂಬೆಯೆಂದು ಜರೆದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅಧ್ಯಕ್ಷೆಯ ತಮ್ಮನೇ ಸೇಠನಾಗಿದ್ದಲ್ಲಿ ಸಂಶಯ ಹುಟ್ಟದಿರುವುದೆಂತು? ಆದರೂ ಮುಗ್ಗಟ್ಟಿನ ಆ ವರ್ಷಗಳಲ್ಲಿ ಮುಂಬಯಿಯ ಗಿರಣಿ ಕೂಲಿಕಾರರು ಮುಷ್ಕರದ ಮೇಲೆ ಮುಷ್ಕರ ಹೂಡಿ ಸೋತು ಸುಣ್ಣವಾಗುತ್ತಿದ್ದಾಗ, ಅಹಮದಾಬಾದಿನವರು ಒಂದಾಣೆ ಬಿಟ್ಟು ಮೂರಾಣೆಯನ್ನಾದರೂ ಉಳಿಸಿಕೊಂಡರು.

ಮುಂಬಯಿಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಂದಾ ಅವರು ಮುಂಬಯಿ ಪ್ರಾಂತದ ಕಾರ್ಮಿಕ ಮಂತ್ರಿಯಾಗಿದ್ದಾಗ 1946ರ ಕೈಗಾರಿಕಾ ಸಂಬಂಧಗಳ ಕಾಯಿದೆ ಬಂದಿತು. ಅಹಮದಾಬಾದಿನಲ್ಲಿ ಮರದ ಕೆಳಗೆ ಹುಟ್ಟಿದ ಪಂಚಾಯಿತಿಯ ಪದ್ಧತಿ ಅದರಲ್ಲಿ ಕಲಮು ಉಪಕಲಮುಗಳಾಯಿತು. ಒಂದು ಊರಿನ ಒಂದು ಉದ್ಯಮಕ್ಕೆ ಪ್ರಾತಿನಿಧಿಕವೆಂದು ಮಾನ್ಯತೆ ಪಡೆದ ಸಂಘ ಒಂದೇ. ಮಾಲಿಕರೊಡನೆ ಮಾತನಾಡುವ ಹಕ್ಕು ಅದಕ್ಕೇ. ಮುಂಬಯಿಯಲ್ಲಿ ಆ ಸಂಘದ ಮೇಲೆ ಕೂಲಿಕಾರರಿಗೆ ಕ್ರಮೇಣ ನಂಬಿಕೆ ಹಾರಿಹೋಯಿತು. 1982ರ ಜನವರಿ 18ರಂದು ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಮಂದಿ ಹೊರಬಂದಾಗ, ಕೂಲಿಯ ಜೊತೆಗೆ ಈ ಕಾಯಿದೆ ಹೋಗಬೇಕೆಂಬುದೂ ಅವರ ಬೇಡಿಕೆಯಾಗಿತ್ತು. ಆ ಮುಷ್ಕರ ಮುಗಿಯಿತೆಂದು ಯಾರೂ ಸಾರಲೇ ಇಲ್ಲ.

ನನ್ನ ಸೋದರಮಾವ ಬಿಜಾಪುರದ ಕಡೆಯಿಂದ ಬಂದು ಲಾಲಬಾಗದ ಒಂದು ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. ಮುಷ್ಕರದ ಎರಡನೆಯ ವರ್ಷ ಅತ್ತೆಯ ಬಳೆಗಳು ಹೋದವು; ಆಮೇಲೆ ಅವರು ಉಡುಪಿಯವರ ಹೋಟೆಲೊಂದರ ಗಲ್ಲೆಯ ಮೇಲೆ ಕುಳಿತು ಉಳಿದ ಆಯುಷ್ಯವನ್ನು ಕಳೆದರು. ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಒಂದು ದಿನ, ನಿಮ್ಮ ಸಂಘದ ಮುಂದಾಳುಗಳು ಎಂದಾದರೂ ನಿನ್ನ ಮೇಜಿನ ಬಳಿಗೆ ಬಂದು ನಿನ್ನನ್ನು ಕೇಳಿದ್ದುಂಟೇ ಎಂದು ವಿಚಾರಿಸಿದರು. ಬ್ಯಾಂಕುಗಳಲ್ಲಿ 1966ರಿಂದಲೂ ಉಭಯಪಕ್ಷಗಳ ಒಪ್ಪಂದದಿಂದ ಸಂಬಳ ನಿರ್ಧಾರವಾಗುತ್ತ ಬಂದಿದೆ. 2024ರ ಮಾರ್ಚಿನಲ್ಲಿ ಆದುದು ಹನ್ನೆರಡನೆಯದು. ಅದನ್ನೆಲ್ಲ ನಾನು ಅವರಿಗೆ ವಿವರಿಸಿದೆ. ಅವರು ಕೇಳಿದುದಕ್ಕೆ ಅದು ಉತ್ತರವಾಗಿರಲಿಲ್ಲ. ಅನಸೂಯಾಬೆನ್ನರ ಚರಿತ್ರೆಯನ್ನು ಓದುವಾಗ ಆ ಪ್ರಶ್ನೆ ನನಗೆ ಮತ್ತೆ ಮತ್ತೆ ನೆನಪಾಯಿತು. ಒಪ್ಪಂದದ ಪದ್ಧತಿಯನ್ನು ಕಾಯಿದೆ ಉಳಿಸಿಕೊಂಡಿತು, ಚಾಳಿನಿಂದ ಚಾಳಿಗೆ ನಡೆಯುವ ಕಾಲುಗಳನ್ನು ಮಾತ್ರ ಅದು ಬರೆದಿಡಲು ಆಗಲಿಲ್ಲ.

ಅನಸೂಯಾಬೆನ್ ಈ ಕೊನೆಯದನ್ನು ನೋಡಲಿಲ್ಲ. ವಯಸ್ಸಾದಂತೆ ಸಂಘದ ದೈನಂದಿನ ಭಾರ ಕಿರಿಯರಿಗೆ ಹೋಯಿತು. ಅಲ್ಲಿ 1955ರಲ್ಲಿ ವಕೀಲೆಯಾಗಿ ಸೇರಿದ ಇಳಾ ಭಟ್ಟರು, ಗಿರಣಿಯ ಹೊರಗೆ ತಲೆಹೊರೆ, ಕೈಗಾಡಿ, ತರಕಾರಿ ಬುಟ್ಟಿಗಳಿಂದ ಬದುಕುವ ಹೆಂಗಸರಿಗಾಗಿ 1972ರಲ್ಲಿ ಸೇವಾ ಎಂಬ ಸಂಘವನ್ನು ಕಟ್ಟಿದರು. ಅಂದು ಮಿಠಾಯಿಗಾಗಿ ನುಗ್ಗಿದವರ ಮೊಮ್ಮಕ್ಕಳು ಅದರಲ್ಲಿ ಇದ್ದಿರಲೂಬಹುದು. ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದುದು ಅದರ ಅನಂತರದ ಮಾತು.

ಅಂಬಾಲಾಲರು 1967ರಲ್ಲಿ ತೀರಿಕೊಂಡರು. ಮುಷ್ಕರದ ಮರುವರ್ಷ ಆ ಮನೆಯಲ್ಲಿ ಹುಟ್ಟಿದ ಅವರ ಮಗ, ಆಕಾಶಯಾನದ ವಿಜ್ಞಾನಿ ವಿಕ್ರಮ್ ಸಾರಾಭಾಯಿ, 1971ರ ಡಿಸೆಂಬರಿನಲ್ಲಿ ಹಠಾತ್ತನೆ ಹೋದರು. ತಮ್ಮನನ್ನೂ ತಮ್ಮನ ಮಗನನ್ನೂ ಕಳುಹಿಸಿಕೊಟ್ಟ ದೊಡ್ಡಕ್ಕ ಮರುವರ್ಷ, 1972ರಲ್ಲಿ, ಕಣ್ಣು ಮುಚ್ಚಿದರು.